ಘರ್ಷಣೆ, ಸವೆತ, ಸ್ನೇಹ

ನುಣುಪಾಗಿ ಕಾಣುವ ಲೋಹದ ಮೈಯಲ್ಲಿಯೂ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಒಂದು ಲೋಹವು ಇನ್ನೊಂದರ ಮೇಲೆ ಜರುಗುವಾಗ ಆ ಉಬ್ಬುಗಳು ತಾಗಿ, ಅಂಟಿ, ಹರಿಯುವುದರಿಂದ ಘರ್ಷಣೆ, ಶಾಖ, ಸವೆತಗಳು ಸಂಭವಿಸುತ್ತವೆ. ಆದರೂ ಘರ್ಷಣೆಯು ಕೇವಲ ವೈರಿಯಲ್ಲ. ಅದಿಲ್ಲದಿದ್ದರೆ ನಡೆವ ಕಾಲು ಜಾರುವುದು, ಬ್ರೇಕು ಹಿಡಿಯದು. ಬೇಡವಾದೆಡೆ ಅದನ್ನು ತಗ್ಗಿಸುವುದೇ ಜಾಣ್ಮೆ.

ಬಂಡಿಯ ಅಚ್ಚಿಗೆ ಕೀಲೆಣ್ಣೆ ಸವರುವ ರೈತನು ಈ ಉಪಾಯವನ್ನು ಬಲ್ಲನು. ಅದರ ಮರ್ಮವು ಬೆಳಕಿಗೆ ಬಂದುದು 1883ರಲ್ಲಿ. ರೈಲ್ವೆ ಅಚ್ಚಿನ ಬೇರಿಂಗನ್ನು ಪರೀಕ್ಷಿಸುತ್ತಿದ್ದ ಇಂಗ್ಲೆಂಡಿನ ಎಂಜಿನಿಯರ್ ಟವರ್ ಅವರು ಎಣ್ಣೆಯ ರಂಧ್ರಕ್ಕೆ ಜಡಿದ ಮರದ ಬಿರಡೆಯನ್ನು ಒಳಗಿನ ಎಣ್ಣೆಯೇ ಹೊರದಬ್ಬಿತು. ತಿರುಗುವ ಅಚ್ಚೇ ಎಣ್ಣೆಯನ್ನು ಕಿರಿದಾಗುವ ಸಂದಿಗೆ ಸೆಳೆದು ಒತ್ತಡವನ್ನುಂಟುಮಾಡುವುದೆಂದೂ, ಆ ತೆಳುಪದರವೇ ಭಾರವನ್ನು ಹೊರುವುದೆಂದೂ 1886ರಲ್ಲಿ ರೆನಾಲ್ಡ್ಸ್ ಅವರು ಗಣಿತದಿಂದ ತೋರಿಸಿದರು.

ಸಂಸ್ಕೃತದಲ್ಲಿ ಎಣ್ಣೆಗೂ ಒಲವಿಗೂ ‘ಸ್ನೇಹ’ವೆಂಬ ಒಂದೇ ಹೆಸರು. ಇಬ್ಬರ ನಡುವೆ ನಿಂತು, ಸವೆಯಗೊಡದೆ ಭಾರ ಹೊರುವುದೇ ಅದರ ಧರ್ಮ.