ಹೂದಾನಿಯ ಮೇಲಿನ ಹಾರೈಕೆ

ಚೀನಾ ದೇಶದ ಜಿಂಗ್‌ಡೆಜೆನ್ ನಗರವು ಪಿಂಗಾಣಿಗೆ ಹೆಸರಾದುದು. ಮಿಂಗ್ ಮತ್ತು ಚಿಂಗ್ ವಂಶಗಳ ಚಕ್ರವರ್ತಿಗಳ ಅರಮನೆಗೆ ಬೇಕಾದ ಹೂದಾನಿಗಳು ಅಲ್ಲಿನ ಆವಿಗೆಗಳಲ್ಲಿ ಸಿದ್ಧವಾಗುತ್ತಿದ್ದುವು. ಅವುಗಳ ಮೇಲೆ ಬರೆದ ಹಣ್ಣು, ಮೀನು, ಜಿಂಕೆಗಳನ್ನು ಕಂಡವರು ಕಲಾವಿದನ ಪ್ರಕೃತಿಪ್ರೇಮವನ್ನು ಕೊಂಡಾಡಿ ಮುಂದೆ ಸಾಗುವುದುಂಟು. ಅಷ್ಟರಿಂದ ಚಿತ್ರವನ್ನು ನೋಡಿದಂತಾಯಿತೇ ಹೊರತು ಓದಿದಂತಾಗಲಿಲ್ಲ.

ಬಾವಲಿಯನ್ನೇ ತೆಗೆದುಕೊಳ್ಳಬಹುದು. ಪಾಳುಬಿದ್ದ ಕಟ್ಟಡಗಳಲ್ಲಿ ತಲೆಕೆಳಗಾಗಿ ತೂಗುವ ಈ ಪ್ರಾಣಿಯನ್ನು ಅನೇಕ ನಾಡುಗಳ ಜನ ಅಶುಭವೆಂದು ಎಣಿಸಿದ್ದಾರೆ. ಚೀನೀಯರಿಗಾದರೋ ಅದು ಪರಮ ಮಂಗಳಕರ. ಕಾರಣ ಅದರ ರೂಪದಲ್ಲಿಲ್ಲ, ಹೆಸರಿನಲ್ಲಿದೆ. ಅವರ ಭಾಷೆಯಲ್ಲಿ ಬಾವಲಿಯನ್ನು ಸೂಚಿಸುವ ‘ಫೂ’ ಎಂಬ ಧ್ವನಿಯೇ ಸೌಭಾಗ್ಯವನ್ನೂ ಸೂಚಿಸುತ್ತದೆ. ಬರೆಯುವ ಅಕ್ಷರಗಳು ಬೇರೆ, ಉಚ್ಚಾರಣೆ ಒಂದೇ. ಕವಿಗಳು ಮಾತಿನಲ್ಲಿ ಮಾಡುವ ಶ್ಲೇಷೆಯನ್ನು ಇಲ್ಲಿ ಕುಂಚವೇ ಮಾಡಿದೆ! ಐದು ಬಾವಲಿಗಳನ್ನು ಬರೆದರೆ ದೀರ್ಘಾಯುಸ್ಸು, ಸಂಪತ್ತು, ಆರೋಗ್ಯ, ಸದ್ಗುಣಪ್ರೀತಿ, ಸುಖಮರಣ ಎಂಬ ಐದು ಭಾಗ್ಯಗಳನ್ನು ಹಾರೈಸಿದಂತೆ. ಬಾವಲಿಗೆ ಕೆಂಪು ಬಣ್ಣ ಹಚ್ಚಿದರೆ ಅರ್ಥ ಇನ್ನೂ ಹಿಗ್ಗುತ್ತದೆ. ಏಕೆಂದರೆ ಕೆಂಪು ಎಂಬುದಕ್ಕೂ ವಿಶಾಲ ಎಂಬುದಕ್ಕೂ ‘ಹೊಂಗ್’ ಎಂಬ ಒಂದೇ ಧ್ವನಿ.

ಮೀನು ಸಮೃದ್ಧಿಯನ್ನೂ ಜಿಂಕೆ ರಾಜಸೇವೆಯ ವೇತನವನ್ನೂ ಸೂಚಿಸುವುದು ಇದೇ ಬಗೆಯ ಧ್ವನಿಸಾಮ್ಯದಿಂದ. ಪೀಚ್ ಹಣ್ಣಿನ ಕಥೆ ಬೇರೆ. ಪಶ್ಚಿಮದ ದೇವಮಾತೆಯ ತೋಟದಲ್ಲಿ ಮೂರು ಸಾವಿರ ವರ್ಷಗಳಿಗೊಮ್ಮೆ ಮಾಗುವ ಪೀಚ್ ಹಣ್ಣನ್ನು ತಿಂದವರಿಗೆ ಸಾವಿಲ್ಲವೆಂಬ ನಂಬಿಕೆಯಿಂದ ಅದು ದೀರ್ಘಾಯುಸ್ಸಿನ ಗುರುತಾಯಿತು. ಇಷ್ಟೇ ಅಲ್ಲ, ಚಿತ್ರವನ್ನು ಹೊತ್ತ ಹೂದಾನಿಯೂ ಮೂಕವಲ್ಲ. ಅದರ ಹೆಸರು ‘ಪಿಂಗ್’. ಶಾಂತಿಯೆಂಬ ಪದದ ಧ್ವನಿಯೂ ಅದೇ.

ಯೊಂಗ್‌ಜೆಂಗ್ ಚಕ್ರವರ್ತಿಯ ಕಾಲದ (1723–1735) ಒಂದು ಹೂದಾನಿಯ ಮೇಲೆ ಎಂಟು ಪೀಚ್ ಹಣ್ಣುಗಳೂ ಎರಡು ಬಾವಲಿಗಳೂ ಇವೆ. ಆಯುಸ್ಸೂ ಭಾಗ್ಯವೂ ಜೊತೆಗೂಡಿ ಬರಲಿ ಎಂಬುದು ಅದರ ಹಾರೈಕೆ. ಅರಮನೆಗೆ ತಕ್ಕ ಈ ವಸ್ತು ಹೇಗೋ ಕಡಲು ದಾಟಿ ಅಮೆರಿಕದ ಒಂದು ಮನೆಯನ್ನು ಸೇರಿ, ವಿದ್ಯುದ್ದೀಪದ ಬುಡವಾಗಿ ನಿಂತಿತ್ತು. ಅದರ ಬೆಳಕಿನಲ್ಲಿ ಕುಳಿತವರಿಗೆ ಹಣ್ಣುಗಳು ಬರಿಯ ಹಣ್ಣುಗಳಾಗಿ, ಬಾವಲಿಗಳು ಬರಿಯ ಬಾವಲಿಗಳಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. 2002ರಲ್ಲಿ ಹಾಂಗ್‌ಕಾಂಗಿನ ಹರಾಜಿನಲ್ಲಿ ಅದು 4 ಕೋಟಿಗೂ ಮಿಗಿಲಾದ ಹಾಂಗ್‌ಕಾಂಗ್ ಡಾಲರುಗಳಿಗೆ ಮಾರಾಟವಾಯಿತು. ಕೊಂಡ ಮಹಿಳೆ ಅದನ್ನು ತಮ್ಮ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ. ಶಾಂಘೈ ವಸ್ತುಸಂಗ್ರಹಾಲಯಕ್ಕೆ ಕಾಣಿಕೆಯಾಗಿ ಒಪ್ಪಿಸಿದರು.