ಕಂಪ್ಯೂಟರ್ ಏಕಾಏಕಿ ಬಂದ್ ಆಗುತ್ತಿದೆಯೇ?

ಪ್ರಶ್ನೆ: ಮಗ್ಗದ ಶೆಡ್ಡಿಗೆ ಹೊಂದಿದ ಕೋಣೆಯಲ್ಲಿ ಸೀರೆ ಡಿಸೈನ್ ಮಾಡುವ ಕಂಪ್ಯೂಟರ್ ಇಟ್ಟಿದ್ದೇವೆ. ಮುಂಜಾನೆ ಏನೂ ತೊಂದರೆಯಿಲ್ಲ. ಮಧ್ಯಾಹ್ನ ದೊಡ್ಡ ಡಿಸೈನ್ ತೆರೆದರೆ ಅರ್ಧ ತಾಸಿನಲ್ಲಿ ಬಂದ್. ಮತ್ತೆ ಚಾಲೂ ಮಾಡಿದರೆ ಎರಡೇ ನಿಮಿಷ. ವಿಂಡೋಸ್ ಹೊಸದಾಗಿ ಹಾಕಿಸಿಯೂ ನೋಡಿದೆ.
– ನೇಕಾರ, ಬನಹಟ್ಟಿ

ಉತ್ತರ: ವಿಂಡೋಸ್‌ಗೆ ಕೊಟ್ಟ ದುಡ್ಡು ದಂಡ. ತಣ್ಣಗಿದ್ದಾಗ ನಡೆದು ಕಾದಾಗ ನಿಲ್ಲುವ, ಬಿಸಿ ಇಳಿಯುವ ಮೊದಲೇ ಚಾಲೂ ಮಾಡಿದರೆ ಇನ್ನೂ ಬೇಗ ನಿಲ್ಲುವ ಯಂತ್ರಕ್ಕೆ ಕಾವೇ ರೋಗ. ಪ್ರೊಸೆಸರ್ ಕಾದಂತೆ ಮೊದಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಮಿತಿಯನ್ನೂ ದಾಟಿದರೆ ಸುಟ್ಟುಹೋಗದಿರಲೆಂದು ಕರೆಂಟನ್ನೇ ಕಡಿದುಕೊಳ್ಳುತ್ತದೆ.

ರಬಕವಿ–ಬನಹಟ್ಟಿಯ ಧೂಳು ಬೇರೆ ಊರಿನ ಧೂಳಿನಂತಲ್ಲ. ನೂಲಿನ ಸಣ್ಣ ಎಳೆ, ಗಂಜಿಯ ಪುಡಿ ಕೂಡಿ ಪ್ರೊಸೆಸರಿನ ಫ್ಯಾನಿಗೂ ಅದರ ಕೆಳಗಿನ ಹೀಟ್‌ಸಿಂಕಿನ ಪಟ್ಟಿಗಳಿಗೂ ನಡುವೆ ಕಂಬಳಿಯಂತೆ ಹಾಸಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಫ್ಯಾನ್ ತಿರುಗುತ್ತಿರುತ್ತದೆ, ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ರಿಪೇರಿಯವರೂ ಎಷ್ಟೋ ಸಲ ಅಷ್ಟಕ್ಕೇ ಬಿಡುತ್ತಾರೆ. ಪ್ಲಗ್ ಕಿತ್ತು, ಫ್ಯಾನ್ ಬಿಚ್ಚಿಯೇ ನೋಡಬೇಕು. ಒಣ ಬ್ರಷ್, ಕೈ ಬ್ಲೋವರ್ ಸಾಕು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಆ ಗಾಳಿಯಲ್ಲಿ ನೀರಿನ ಹನಿಯಿರುತ್ತದೆ. ಹೀಟ್‌ಸಿಂಕನ್ನೇ ಎತ್ತಿದರೆ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಲೇಬೇಕು. ಯಂತ್ರಕ್ಕೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಕರೆಂಟ್ ಉಳಿದಿರುತ್ತದೆ. ಆಮೇಲೆ ಎಚ್‌ಡಬ್ಲ್ಯುಮಾನಿಟರ್ ಎಂಬ ಉಚಿತ ತಂತ್ರಾಂಶ ಹಾಕಿ, ಅದೇ ದೊಡ್ಡ ಡಿಸೈನ್ ತೆರೆದು ಕಾವು ನೋಡಿ. 85ರ ಒಳಗಿದ್ದರೆ ಚಿಂತೆಯಿಲ್ಲ. ಸಾಧ್ಯವಾದರೆ ಶೆಡ್ಡಿನ ಕಡೆಯ ಕಿಟಕಿ ಮುಚ್ಚಿಬಿಡಿ.

ಪ್ರಶ್ನೆ: ನನ್ನದು ಡಿಟಿಪಿ ಅಂಗಡಿ. ಪಕ್ಕದ ಹಿಟ್ಟಿನ ಗಿರಣಿ ಚಾಲೂ ಆದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಕೆಲವೊಮ್ಮೆ ಪ್ರಿಂಟ್ ಕೊಟ್ಟಾಗಲೂ. ಯುಪಿಎಸ್ ಇದೆಯಲ್ಲ?
– ಓದುಗ, ಜಮಖಂಡಿ

ಉತ್ತರ: ಇದೆ, ಆದರೆ ಅದರ ಬ್ಯಾಟರಿ ಸತ್ತಿರಬೇಕು. ಗಿರಣಿಯ ಮೋಟಾರ್ ಏಳುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದೇ ಲೈನಿನ 230 ವೋಲ್ಟ್ ಆ ಕ್ಷಣ ಕುಸಿಯುತ್ತದೆ. ಪೂರ್ತಿ ಹೊರೆಯಿದ್ದಾಗ ಎಸ್‌ಎಂಪಿಎಸ್ ತನ್ನೊಳಗಿನ ಶಕ್ತಿಯಿಂದ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡ್ ಮಾತ್ರ. ಆ ಮೇಲಿನದನ್ನು ಯುಪಿಎಸ್ ಹೊರಬೇಕು.

ಪರೀಕ್ಷೆ ಸುಲಭ. ಕಂಪ್ಯೂಟರ್ ಬಂದ್ ಮಾಡಿ, ಯುಪಿಎಸ್‌ಗೆ 100 ವಾಟ್ ಬಲ್ಬ್ ಹಚ್ಚಿ, ಗೋಡೆಯ ಸ್ವಿಚ್ ಆರಿಸಿ. ಬಲ್ಬ್ ಒಡನೆ ಆರಿದರೆ ಬ್ಯಾಟರಿ ಬದಲಿಸಿ. 12 ವೋಲ್ಟಿನ ಈ ಚಿಕ್ಕ ಬ್ಯಾಟರಿಗಳು ಸಾಮಾನ್ಯವಾಗಿ ಎರಡು–ಮೂರು ವರ್ಷ ಬಾಳುತ್ತವೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಕಡಿಮೆ.

ಪ್ರಿಂಟಿನ ಗುಟ್ಟು ಬೇರೆ: ಪ್ರಿಂಟರನ್ನೂ ಅದೇ ಯುಪಿಎಸ್‌ಗೆ ಹಚ್ಚಿರಬೇಕು. ಲೇಸರ್ ಪ್ರಿಂಟರ್ ಬಿಸಿಯಾಗುವಾಗ ನೂರಾರು ವಾಟ್ ಬೇಡುತ್ತದೆ. 600 ವಿಎ ಎಂದು ಮಾರುವ ಯುಪಿಎಸ್ ಕೊಡುವುದೇ 360 ವಾಟ್ ಆಸುಪಾಸು. ಪ್ರಿಂಟರನ್ನು ಇಂದೇ ಗೋಡೆಯ ಸಾಕೆಟ್ಟಿಗೆ ಹಚ್ಚಿ.

ಪ್ರಶ್ನೆ: ಬೆಲ್ಲದ ವ್ಯಾಪಾರದ ಲೆಕ್ಕ ಬರೆಯುವ ಕಂಪ್ಯೂಟರ್. ಬಟನ್ ಒತ್ತಿದರೆ ಚಾಲೂ ಆಗಿ ನಾಲ್ಕೈದು ಸೆಕೆಂಡಿಗೆ ಬಂದ್.
– ವ್ಯಾಪಾರಿ, ಮುಧೋಳ

ಉತ್ತರ: ಬಟನ್ ಮೇಲೇ ನನ್ನ ಗುಮಾನಿ. ಬೆಲ್ಲದ ಕೈಯಲ್ಲಿ ಒತ್ತಿ ಒತ್ತಿ ಅದು ಒಳಗೇ ಅಂಟಿಕೊಂಡಿರಬಹುದು. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಬಂದ್ ಆಗಬೇಕೆಂಬುದು ಯಂತ್ರದ ನಿಯಮ, ಅದು ಆಜ್ಞೆ ಪಾಲಿಸುತ್ತಿದೆ ಅಷ್ಟೇ! ಮದರ್‌ಬೋರ್ಡಿನಿಂದ ಬಟನ್ನಿನ ವೈರ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಮ್ಮೆ ಮುಟ್ಟಿಸಲು ತಿಳಿದವರಿಗೆ ಹೇಳಿ. ಆಗ ನಡೆಯುತ್ತಿದ್ದರೆ ಬಟನ್ ಬದಲಿಸಿದರಾಯಿತು. ಆಗಲೂ ನಿಂತರೆ ಪ್ರೊಸೆಸರ್ ಫ್ಯಾನ್, ಎಸ್‌ಎಂಪಿಎಸ್ ನೋಡಿಸಿ.

ಪ್ರಶ್ನೆ: ಹೊತ್ತುಗೊತ್ತಿಲ್ಲದೆ ಬಂದ್ ಆಗುತ್ತದೆ. ವಿಂಡೋಸ್‌ನ ಇವೆಂಟ್ ವ್ಯೂವರಿನಲ್ಲಿ ‘ಕರ್ನಲ್ ಪವರ್ 41’ ಎಂದಿದೆ. ಮದರ್‌ಬೋರ್ಡ್ ಹೋಗಿದೆ ಅನ್ನುತ್ತಾರೆ ಅಂಗಡಿಯವರು.
– ವಿದ್ಯಾರ್ಥಿ, ಬೀಳಗಿ

ಉತ್ತರ: 41 ಹೇಳುವುದು ಇಷ್ಟೇ: ಹಿಂದಿನ ಸಲ ಯಂತ್ರ ಸರಿಯಾಗಿ ಬಂದ್ ಆಗಿರಲಿಲ್ಲ. ನೀವೇ ಪ್ಲಗ್ ಕಿತ್ತರೂ ಅದನ್ನೇ ಬರೆಯುತ್ತದೆ. ಅದನ್ನು ನಂಬಿ ಮದರ್‌ಬೋರ್ಡ್ ಕೊಳ್ಳಬೇಡಿ. ಗೆಳೆಯರಿಂದ ಒಳ್ಳೆಯ ಎಸ್‌ಎಂಪಿಎಸ್ ಕಡ ತಂದು ಕೆಲವು ದಿನ ನಡೆಸಿ ನೋಡಿ. ಮೀಟರ್ ಇದ್ದವರು ಹಳದಿ–ಕಪ್ಪು ವೈರಿನ ನಡುವೆ ಅಳೆಯಬಹುದು, 11.4ರಿಂದ 12.6 ವೋಲ್ಟ್ ಇರಬೇಕು. ಸುಮ್ಮನಿದ್ದಾಗಲ್ಲ, ಭಾರದ ಕೆಲಸ ನಡೆದಾಗ ಅಳೆಯಿರಿ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಮಾತ್ರ ಅಂಗಡಿಯವರ ಮಾತಿಗೆ ತೂಕ. ರ‍್ಯಾಮ್ ಕೆಟ್ಟರೆ ಹೆಚ್ಚಾಗಿ ನೀಲಿ ಪರದೆ ಬರುತ್ತದೆ, ಹೀಗೆ ದಿಢೀರನೆ ಆರುವುದು ಕಡಿಮೆ.

ಇನ್ನು ಮುಂದೆ ಪತ್ರ ಬರೆಯುವವರು ಯಂತ್ರದ ಕಂಪನಿ, ಬೆಲೆಗಿಂತ ಮೊದಲು ಅದು ಯಾವ ಹೊತ್ತಿನಲ್ಲಿ, ಏನು ಮಾಡುತ್ತಿದ್ದಾಗ ಬಂದ್ ಆಯಿತು ಎಂಬುದನ್ನು ಬರೆಯಿರಿ.