ವಿಚಾರಿಸದೆ ನಂಬಿದ ಪತ್ರ, ಒಡೆದುಹೋದ ಸೈನ್ಯ



ಭಾಲ್ಕಿ, ಔರಾದ್ ಕಡೆಯಿಂದ ಬೀದರ್ ನಗರಕ್ಕೆ ಬರುವವರೆಲ್ಲ ಮಹ್ಮೂದ್ ಗವಾನರ ಮದ್ರಸವನ್ನು ಕಂಡಿರುತ್ತಾರೆ. 1472ರಲ್ಲಿ ಕಟ್ಟಿಸಿದ ಆ ವಿದ್ಯಾಲಯದ ಒಂದು ಮಿನಾರು ಇಂದಿಗೂ ನಿಂತಿದೆ. ಅದನ್ನು ಕಟ್ಟಿಸಿದವರ ಅಂತ್ಯದಲ್ಲಿ ನಮಗೆ ದೊಡ್ಡ ಪಾಠವಿದೆ.

ಗವಾನರು ಇರಾನಿನ ಗೀಲಾನ್ ಪ್ರಾಂತದವರು. ವ್ಯಾಪಾರಕ್ಕೆಂದು ಬೀದರಿಗೆ ಬಂದವರು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದರು. ಆಗ ಸೇನಾಧಿಕಾರಿಗಳಲ್ಲಿ ಎರಡು ಪಂಗಡಗಳಿದ್ದವು: ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ದಖ್ಖನಿಗಳು ಮತ್ತು ಹೊರನಾಡಿನಿಂದ ಬಂದ ಅಫಾಕಿಗಳು. ಗವಾನರು ಹುದ್ದೆಗಳನ್ನು ಇಬ್ಬರಿಗೂ ಹಂಚಿದರು. ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ, ಪ್ರತಿಯೊಬ್ಬ ಪ್ರಾಂತಾಧಿಕಾರಿಗೆ ಒಂದೇ ಕೋಟೆಯನ್ನು ಉಳಿಸಿದರು. ಅಧಿಕಾರ ಮೊಟಕಾದವರು ಒಳಗೊಳಗೇ ಕುದಿದರು.

ಅವರಲ್ಲಿ ಕೆಲವರು ಮುದ್ರೆ ಕಾಯುವವನನ್ನು ಬಲೆಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಗವಾನರ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಮುದ್ರೆ ತನ್ನದೇ, ಬರಹ ತನ್ನದಲ್ಲವೆಂದು ಗವಾನರು ಹೇಳಿದರೂ ಸುಲ್ತಾನ ಮೂರನೇ ಮುಹಮ್ಮದ್ ಷಾ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಆ ವೃದ್ಧರ ಶಿರಚ್ಛೇದವಾಯಿತು. ಸತ್ಯ ತಿಳಿದಾಗ ಸುಲ್ತಾನನು ಪಶ್ಚಾತ್ತಾಪಪಟ್ಟನು. ಅದರಿಂದ ಏನು ಪ್ರಯೋಜನ?

ನಂಬಿಕೆ ಸತ್ತ ಮೇಲೆ ಸೈನ್ಯ ಉಳಿಯುವುದುಂಟೇ? ಯೂಸುಫ್ ಆದಿಲ್ ಖಾನರಂತಹ ಸರದಾರರು ಸುಲ್ತಾನನ ಬೀಡಿನಿಂದ ದೂರ ತಮ್ಮ ಡೇರೆ ಹೂಡಿದರು. ಮರುವರ್ಷವೇ ಸುಲ್ತಾನನು ತೀರಿಕೊಂಡನು. ಪಂಗಡಗಳು ಬೀದರಿನಲ್ಲೇ ಪರಸ್ಪರ ರಕ್ತ ಹರಿಸಿದವು. 1490ರ ಹೊತ್ತಿಗೆ ಬಿಜಾಪುರ, ಅಹಮದ್‌ನಗರ, ಬೀರಾರ್‌ಗಳು ಬೇರೆಯಾದವು. ಮುಂದೆ ಗೋಲ್ಕೊಂಡವೂ ಹೋಯಿತು. ಬೀದರ್ ಬರೀದರ ಕೈಸೇರಿತು. ಗೋವೆಯನ್ನು ಗೆದ್ದ ಸೈನ್ಯ ಐದು ಪಾಲಾಗಿ ತನ್ನಲ್ಲೇ ಕಾದಾಡಿತು.

ಇದನ್ನು ಯಾವ ವೈರಿಯೂ ಮಾಡಲಿಲ್ಲ. ಒಂದೇ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಮಾಝ್ ಮಾಡುತ್ತಿದ್ದವರೇ ಮಾಡಿದರು.

ಯಾರಾದರೂ ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಆಜ್ಞಾಪಿಸಿದೆ. ತಿಳಿಯದೆ ಒಬ್ಬರಿಗೆ ಹಾನಿ ಮಾಡಿ ಕೊನೆಗೆ ಪಶ್ಚಾತ್ತಾಪ ಪಡಬಾರದೆಂಬುದೇ ಅದರ ಉದ್ದೇಶ. ನಾವೇನು ಮಾಡುತ್ತಿದ್ದೇವೆ? ಮಸೀದಿಯ ಕಮಿಟಿಯಲ್ಲಿ 'ಅವನು ಹೊರಗಿನವನು' ಎನ್ನುತ್ತೇವೆ. ಮೊಬೈಲಿಗೆ ಬಂದ ಒಂದು ಮಾತನ್ನು ನಂಬಿ ಒಡಹುಟ್ಟಿದ ಅಣ್ಣನೊಡನೆ ಸಲಾಮ್ ನಿಲ್ಲಿಸುತ್ತೇವೆ.

ಸಹೋದರರೇ, ಸಹೋದರಿಯರೇ, ನಿಮ್ಮವರೊಬ್ಬರ ಮೇಲೆ ಇಂದು ದೂರು ಬಂದರೆ, ತೀರ್ಪು ಕೊಡುವ ಮೊದಲು ಅವರ ಮನೆಗೆ ಹೋಗಿ ಅವರನ್ನೇ ಕೇಳಿರಿ. ಬೀದರಿನ ಸುಲ್ತಾನನು ಮಾಡದೆ ಬಿಟ್ಟ ಕೆಲಸ ಅದೊಂದೇ.